ಸಾಂಬ್ರಾ ನಿಲ್ದಾಣವೂ ಗಣಕಯಂತ್ರದ ಅನುಕರಣವೂ

ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳ ಮಾರ್ಗವಾಗಿ ರಾತ್ರಿಯ ವೇಳೆ ಪ್ರಯಾಣ ಮಾಡಿದವರಿಗೆ ಸಕ್ಕರೆ ಕಾರ್ಖಾನೆಗಳ ಹೆಬ್ಬಾಗಿಲ ಮುಂದಿನ ನೋಟವು ಹೊಸದಲ್ಲ. ಎರಡೆರಡು ಡಬ್ಬಿಗಳನ್ನು ಎಳೆದುಕೊಂಡು ಬಂದ ಟ್ರ್ಯಾಕ್ಟರುಗಳು, ನೊಗವಿಳಿಸಿ ನಿಂತ ಎತ್ತಿನ ಗಾಡಿಗಳು, ಗಾಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದ ಗಾಡಿಕಾರರು. ಮುಂದೆ ತೂಕದ ಕಾಟಾ ಒಂದೇ ಒಂದು. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕವಿಳಿಯುತ್ತದೆ, ಅದರೊಳಗಿನ ಸಕ್ಕರೆಯೂ ಇಳಿಯುತ್ತದೆ. ಇಷ್ಟಾಗಿಯೂ ಮರುದಿನ ಮಧ್ಯಾಹ್ನದಲ್ಲಿ ಅದೇ ಕಾಟಾದ ಮುಂದೆ ಒಂದು ಗಾಡಿಯೂ ಇಲ್ಲದೆ ಕಾರಕೂನನು ಆಕಳಿಸುತ್ತ ಕುಳಿತಿರುವುದನ್ನು ನೋಡಿದವರೂ ನಮ್ಮಲ್ಲಿ ಉಂಟು. ಕಾಟಾದ ಸಾಮರ್ಥ್ಯವು ಒಟ್ಟಾರೆ ಸಾಕಷ್ಟಿದ್ದರೂ ಪಾಳಿಯು ಏಕೆ ಬೆಳೆಯುತ್ತದೆ? ಈ ಪ್ರಶ್ನೆಯನ್ನು ನಾವು ಇಂದು ಕಬ್ಬಿನ ವಿಷಯವಾಗಿ ಎತ್ತಿಲ್ಲ, ವಿಮಾನ ನಿಲ್ದಾಣಗಳ ವಿಷಯವಾಗಿ ಎತ್ತಿದ್ದೇವೆ. ಎರಡೂ ಒಂದೇ ಲೆಕ್ಕವೆಂಬುದು ಮುಂದೆ ತಿಳಿದುಬರುವುದು.

೨೦೨೪ನೆಯ ಇಸವಿಯ ಮಾರ್ಚ್ ೧೦ರಂದು ಬೆಳಗಾವಿ ಮತ್ತು ಹುಬ್ಬಳ್ಳಿಯ ವಿಮಾನ ನಿಲ್ದಾಣಗಳ ಹೊಸ ಕಟ್ಟಡಗಳಿಗೆ ಪ್ರಧಾನಮಂತ್ರಿಗಳು ದೂರದಿಂದಲೇ ಶಿಲಾನ್ಯಾಸ ಮಾಡಿದರು. ಅದೇ ದಿವಸ ನೆರೆಯ ಕೊಲ್ಲಾಪುರದ ಹೊಸ ಕಟ್ಟಡವು ಉದ್ಘಾಟನೆಯಾಯಿತು. ವಿಜಯಪುರದ ಹೊರವಲಯದ ಬುರಣಾಪುರದ ಬಳಿ ೨೦೨೧ರಲ್ಲಿ ನಿಲ್ದಾಣದ ಕಾಮಗಾರಿಯು ಆರಂಭವಾಗಿತ್ತು. ಕಲಬುರ್ಗಿಯಲ್ಲಿ ೨೦೧೯ರ ನವೆಂಬರದಿಂದಲೇ ವಿಮಾನಗಳು ಇಳಿಯತೊಡಗಿದ್ದವು. ಉತ್ತರ ಕರ್ನಾಟಕವು ಬಹುಕಾಲ ಉಪೇಕ್ಷೆಗೆ ಗುರಿಯಾದ ಸೀಮೆಯೆಂದು ಈ ಪುಟದಲ್ಲಿ ಎಷ್ಟೋ ಸಲ ಬರೆದ ನಮಗೆ ಇದರಿಂದ ಸಂತೋಷವಾಗದೆ ಇರದು. ಆದರೆ ಕಟ್ಟಡವೆದ್ದ ಮಾತ್ರಕ್ಕೆ ನಿಲ್ದಾಣವು ನಡೆಯಿತೆಂದು ಅರ್ಥವಲ್ಲ. ಎಷ್ಟು ಅಗಲದ ಪಡಸಾಲೆ, ಎಷ್ಟು ತಪಾಸಣೆಯ ಬಾಗಿಲು, ಎಷ್ಟು ವಿಮಾನ ನಿಲ್ಲುವ ಕಟ್ಟೆ, ಯಾವ ವಿಮಾನದ ಹಿಂದೆ ಯಾವುದು, ಇವನ್ನೆಲ್ಲ ಗೌಂಡಿಯು ಕಲ್ಲಿಡುವ ಮೊದಲೇ ತೀರ್ಮಾನಿಸಬೇಕು. ತೀರ್ಮಾನವು ತಪ್ಪಿದರೆ ಅದನ್ನು ತಿದ್ದುವುದಕ್ಕೆ ಇನ್ನೊಂದು ತಲೆಮಾರಿನ ಹಣವು ಬೇಕಾದೀತು.

ಲೋಕದ ದೊಡ್ಡ ನಿಲ್ದಾಣಗಳು ಈ ಪ್ರಶ್ನೆಗಳನ್ನು ಈಗ ಗಣಕಯಂತ್ರಕ್ಕೆ ಕೇಳುತ್ತವೆ. ನಿಲ್ದಾಣದ ಒಂದು ಪ್ರತಿಬಿಂಬವನ್ನು ಯಂತ್ರದೊಳಗೆ ಕಟ್ಟಿ, ಅದರಲ್ಲಿ ವಿಮಾನಗಳನ್ನು ಇಳಿಸಿ, ಜನರನ್ನು ನಡೆಯಿಸಿ, ಪೆಟ್ಟಿಗೆಗಳನ್ನು ಸಾಗಿಸಿ, ಎಲ್ಲಿ ಪಾಳಿ ಕಟ್ಟುತ್ತದೆ ಎಂಬುದನ್ನು ನೋಡುವ ಈ ಕ್ರಮಕ್ಕೆ ಸಿಮ್ಯುಲೇಶನ್ ಎಂದು ಹೆಸರು. ನಾವು ಇದನ್ನು ಅನುಕರಣವೆಂದು ಕರೆಯುವೆವು. ವೈಮಾನಿಕನನ್ನು ನೆಲದ ಮೇಲೆಯೇ ಕೂರಿಸಿ ಹಾರುವುದನ್ನು ಕಲಿಸುವ ಯಂತ್ರವು ಬೇರೆ. ಅಮೇರಿಕೆಯ ಎಡ್ವಿನ್ ಲಿಂಕ್ ಎಂಬವರು ಅದನ್ನು ೧೯೨೯ರಷ್ಟು ಹಿಂದೆಯೇ ನಿರ್ಮಿಸಿದ್ದರು. ಅಲ್ಲಿ ಕಲಿಯುವವನು ಒಬ್ಬ ಮನುಷ್ಯ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ನಿಲ್ದಾಣವೇ.

ಪಾಳಿಯ ಗುಟ್ಟನ್ನು ಮೊದಲು ಗಣಿತಕ್ಕೆ ಒಳಪಡಿಸಿದವರು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು. ಅವರ ಲೇಖವು ೧೯೦೯ರಲ್ಲಿ ಪ್ರಕಟವಾಯಿತು. ಅವರ ದಾರಿಯಲ್ಲಿ ಬೆಳೆದ ಶಾಸ್ತ್ರವನ್ನು ನಮ್ಮ ಕಾಟಾಕ್ಕೆ ಹಚ್ಚಿ ನೋಡೋಣ. ಒಂದು ಗಾಡಿಯನ್ನು ತೂಗಲು ಸರಾಸರಿ ೫ ನಿಮಿಷ ಹಿಡಿಯುವುದೆಂದರೆ ತಾಸಿಗೆ ೧೨ ಗಾಡಿ ತೂಗಬಹುದು. ತಾಸಿಗೆ ೧೦ ಗಾಡಿಗಳು ಬರುತ್ತವೆ ಎನ್ನಿ. ಅವು ಗಡಿಯಾರ ಹಿಡಿದು ಆರಾರು ನಿಮಿಷಕ್ಕೊಂದರಂತೆ ಬಂದು, ತೂಗುವುದೂ ಪ್ರತಿ ಸಲ ಐದೇ ನಿಮಿಷಕ್ಕೆ ಮುಗಿದರೆ ಯಾವನೂ ಕ್ಷಣಮಾತ್ರ ಕಾಯಬೇಕಾಗಿಲ್ಲ. ಆದರೆ ಗಾಡಿಗಳು ಹಾಗೆ ಬರುವುದಿಲ್ಲ. ಒಮ್ಮೆ ಮೂರು ಕೂಡಿ ಬರುತ್ತವೆ, ಒಮ್ಮೆ ಅರ್ಧ ತಾಸು ಒಂದೂ ಇಲ್ಲ. ಒಂದನ್ನು ತೂಗಲು ಎರಡು ನಿಮಿಷ ಸಾಕು, ಇನ್ನೊಂದರ ಚೀಟಿ ಸಿಗದೆ ಹತ್ತು ನಿಮಿಷ ಹೋಗುತ್ತವೆ. ಬರುವುದೂ ತೂಗುವುದೂ ಹೀಗೆ ಪೂರ್ತಿ ಅನಿಶ್ಚಿತವಾದಲ್ಲಿ ಪ್ರತಿ ಗಾಡಿಯು ಸರಾಸರಿ ೩೦ ನಿಮಿಷ ಅಲ್ಲಿ ಕಳೆಯಬೇಕಾಗುತ್ತದೆಂದು ಗಣಿತವು ಹೇಳುತ್ತದೆ. ತಾಸಿಗೆ ಒಂದೇ ಒಂದು ಗಾಡಿ ಹೆಚ್ಚಾಗಿ ೧೧ ಆಯಿತೋ, ಅರ್ಧ ತಾಸು ಹೋಗಿ ಒಂದು ತಾಸಾಗುತ್ತದೆ. ಹನ್ನೊಂದೂವರೆಯಾದರೆ ಎರಡು ತಾಸು! ಸಾಮರ್ಥ್ಯದ ಅಂಚಿಗೆ ಹೋದ ಯಾವ ವ್ಯವಸ್ಥೆಯೇ ಆಗಲಿ, ಕೊನೆಯ ಸ್ವಲ್ಪ ಭಾರಕ್ಕೆ ಹೀಗೆ ಕುಸಿಯುತ್ತದೆ. ಸರಾಸರಿಯನ್ನು ನಂಬಿ ಕಟ್ಟಡ ಕಟ್ಟುವ ಅಧಿಕಾರಿಗಳು ಈ ಒಂದು ಲೆಕ್ಕವನ್ನು ಮೇಜಿನ ಗಾಜಿನಡಿ ಇರಿಸಿಕೊಂಡರೆ ಒಳ್ಳೆಯದು.

ಕಾಟಾ ಒಂದೇ ಇದ್ದರೆ ಕಾಗದದ ಮೇಲಿನ ಗಣಿತವೇ ಸಾಕು. ಆದರೆ ವಿಮಾನ ನಿಲ್ದಾಣದಲ್ಲಿ ಒಂದು ಪಾಳಿಯ ಬಾಯಿ ಇನ್ನೊಂದರ ಬಾಲಕ್ಕೆ ಕೂಡಿಕೊಂಡಿರುತ್ತದೆ. ಬಾಗಿಲಲ್ಲಿ ಗುರುತಿನ ತಪಾಸಣೆ, ಮುಂದೆ ಪೆಟ್ಟಿಗೆ ಒಪ್ಪಿಸುವ ಕಟ್ಟೆ, ಮುಂದೆ ಭದ್ರತೆಯ ಶೋಧ, ಮುಂದೆ ಹತ್ತುವ ಬಾಗಿಲು. ಅತ್ತ ಆಕಾಶದಲ್ಲಿ ಇಳಿಯಲು ಸುತ್ತುತ್ತಿರುವ ವಿಮಾನ, ನೆಲದ ಮೇಲೆ ಏರಲು ಕಾದಿರುವ ವಿಮಾನ, ಇಬ್ಬರಿಗೂ ಓಡುದಾರಿ ಒಂದೇ. ದೊಡ್ಡ ವಿಮಾನವು ಹಾದುಹೋದ ಮೇಲೆ ಅದರ ರೆಕ್ಕೆಗಳ ತುದಿಯಿಂದೆದ್ದ ಗಾಳಿಯ ಸುಳಿಗಳು ಕೆಲವು ನಿಮಿಷ ಉಳಿದಿರುವುದರಿಂದ ಅದರ ಬೆನ್ನಿಗೆ ಚಿಕ್ಕ ವಿಮಾನವನ್ನು ಕೂಡಲೆ ಬಿಡುವಂತಿಲ್ಲ. ಚಿಕ್ಕದರ ಹಿಂದೆ ದೊಡ್ಡದನ್ನು ಬೇಗ ಬಿಡಬಹುದು. ಆದ್ದರಿಂದ ಅದೇ ಹತ್ತು ವಿಮಾನಗಳನ್ನು ಸಾಲು ಬದಲಿಸಿ ಬಿಟ್ಟರೆ ಒಟ್ಟು ಹೊತ್ತೇ ಬದಲಾಗುತ್ತದೆ. ಇಷ್ಟೆಲ್ಲ ತೊಡಕನ್ನು ಒಂದೇ ಸೂತ್ರದಲ್ಲಿ ಹಿಡಿಯುವ ಗಣಿತಜ್ಞನು ಇನ್ನೂ ಹುಟ್ಟಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಪಗಡೆಯಾಟದ ಬುದ್ಧಿ. ೧೯೪೬ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞರು ಒಬ್ಬರೇ ಇಸ್ಪೀಟು ಆಡುತ್ತ, ಆಟವು ಗೆಲ್ಲುವ ಸಂಭವವೆಷ್ಟು ಎಂಬುದನ್ನು ಸೂತ್ರದಿಂದ ಕಂಡುಹಿಡಿಯಲು ಹೆಣಗಿ ಬೇಸತ್ತರಂತೆ. ನೂರು ಸಲ ಆಡಿ ಎಷ್ಟು ಸಲ ಗೆದ್ದೆವೆಂದು ಎಣಿಸಿದರಾಗದೆ ಎಂಬ ವಿಚಾರವು ಆಗ ಹೊಳೆಯಿತು. ಜಾನ್ ಫಾನ್ ನಾಯ್ಮನ್ ಅವರೊಂದಿಗೆ ಕೂಡಿ ಅದನ್ನು ಅಂದಿನ ಹೊಸ ಗಣಕಯಂತ್ರಕ್ಕೆ ಅಳವಡಿಸಿದ್ದೇ ಮಾಂಟೆ ಕಾರ್ಲೋ ಪದ್ಧತಿ. ಜೂಜಿನ ಊರೊಂದರ ಹೆಸರು ಶಾಸ್ತ್ರಕ್ಕೆ ಬಂದದ್ದು ಹೀಗೆ. ಕವಡೆ ಚೆಲ್ಲಿ ಮುಂದಿನ ಗಾಡಿ ಎಷ್ಟು ನಿಮಿಷಕ್ಕೆ ಬಂತೆಂದು ಬರೆಯಿರಿ. ಮತ್ತೆ ಚೆಲ್ಲಿ ಅದನ್ನು ತೂಗಲು ಎಷ್ಟು ಹೊತ್ತಾಯಿತೆಂದು ಬರೆಯಿರಿ. ಹೀಗೆ ಒಂದು ದಿವಸದ ಕೀರ್ದಿಯನ್ನು ತುಂಬಿರಿ. ಗಣಕಯಂತ್ರವು ಇದನ್ನೇ ಮಾಡುತ್ತದೆ, ಆದರೆ ಒಂದು ದಿವಸದ ಕೀರ್ದಿಯನ್ನು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ತುಂಬಿ, ಸಾವಿರ ದಿವಸಗಳದನ್ನು ನಮ್ಮ ಮುಂದಿಡುತ್ತದೆ. ಅದು ಕೊಡುವ ಉತ್ತರವು ಒಂದೇ ಅಂಕಿಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಾವಿರದಲ್ಲಿ ಎಷ್ಟು ದಿವಸ ಪಾಳಿಯು ಇಪ್ಪತ್ತು ನಿಮಿಷ ಮೀರಿತು, ಎಷ್ಟು ದಿವಸ ಒಂದು ತಾಸು ಮೀರಿತು ಎಂಬ ಹರಹನ್ನು ಅದು ತೋರಿಸುತ್ತದೆ. ಅಥಣಿಯಿಂದ ಸಾಂಬ್ರಾಕ್ಕೆ ಹೊರಟವನಿಗೆ ಬೇಕಾದದ್ದೂ ಅದೇ. ದಾರಿಯೇ ಮೂರು ತಾಸಿಗೆ ಕಡಿಮೆಯಿಲ್ಲ. ನಿಲ್ದಾಣದೊಳಗಿನ ಹೊತ್ತು ಇಂದು ಹದಿನೈದು ನಿಮಿಷ, ನಾಳೆ ಐವತ್ತು ನಿಮಿಷವೆಂದಾದರೆ ಅವನು ಪ್ರತಿಸಲವೂ ಐವತ್ತನ್ನೇ ಹಿಡಿದು ಕೋಳಿ ಕೂಗುವ ಮೊದಲೇ ಹೊರಡಬೇಕು.

ಈ ವಿದ್ಯೆಯು ಬರಿಯ ಪಾಂಡಿತ್ಯವಲ್ಲವೆನ್ನುವುದಕ್ಕೆ ಲಾಸ್ ಏಂಜಲಿಸ್ ನಗರವು ಸಾಕ್ಷಿ. ಅಲ್ಲಿ ಒಂದು ಓಡುದಾರಿಯಲ್ಲಿಳಿದ ವಿಮಾನವು ಪಕ್ಕದ ಓಡುದಾರಿಯನ್ನು ಅಡ್ಡಹಾಯ್ದು ಕಟ್ಟಡಕ್ಕೆ ಬರಬೇಕಾಗಿತ್ತು; ತಪ್ಪಿ ಅಡ್ಡ ನುಗ್ಗುವ ಪ್ರಸಂಗಗಳು ಮೇಲಿಂದ ಮೇಲೆ ಆಗುತ್ತಿದ್ದವು. ನಾಸಾ ಸಂಸ್ಥೆಯು ೧೯೯೯ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಅನುಕರಣದ ಗೋಪುರದಲ್ಲಿ ಆ ನಿಲ್ದಾಣವನ್ನು ಸುತ್ತಲೂ ಪರದೆಯ ಮೇಲೆ ಮೂಡಿಸಿ, ನಿಯಂತ್ರಕರನ್ನು ಕೂರಿಸಿ, ಬಗೆಬಗೆಯ ಉಪಾಯಗಳನ್ನು ಪರೀಕ್ಷಿಸಿದರು. ಎರಡು ಓಡುದಾರಿಗಳ ನಡುವೆ ಒಂದು ಸಾಗುದಾರಿಯನ್ನು ಹಾಕುವ ಉಪಾಯವು ಅಲ್ಲಿ ಒರೆಗೆ ಹತ್ತಿತು. ಅದಕ್ಕೆ ಎಡೆ ಮಾಡಿಕೊಡಲು ಇಡೀ ಓಡುದಾರಿಯನ್ನೇ ಸುಮಾರು ೫೫ ಅಡಿ ದಕ್ಷಿಣಕ್ಕೆ ಸರಿಸಿದರು. ಅದು ೨೦೦೭ರಲ್ಲಿ ಮತ್ತೆ ತೆರೆಯಿತು, ನಡುದಾರಿಯು ೨೦೦೮ರಲ್ಲಿ ಪೂರ್ತಿಯಾಯಿತು. ಅಷ್ಟು ದೊಡ್ಡ ವೆಚ್ಚಕ್ಕೆ ಕೈಹಾಕುವ ಮೊದಲು ಅದರ ಫಲವನ್ನು ಪರದೆಯ ಮೇಲೆ ಕಂಡಿದ್ದರೆಂಬುದು ಮುಖ್ಯ.

ಇನ್ನೊಂದು ಸಣ್ಣ ಸಂಗತಿ, ಆದರೆ ನಮಗೆ ಬಹಳ ಸ್ವಾರಸ್ಯವೆನಿಸಿದ್ದು. ವಿಮಾನ ಹತ್ತುವಾಗ ಹಿಂದಿನ ಸಾಲಿನವರನ್ನು ಮೊದಲು ಬಿಟ್ಟರೆ ಬೇಗ ಮುಗಿಯುತ್ತದೆಂದು ಎಲ್ಲರೂ ನಂಬಿದ್ದರು. ಜೇಸನ್ ಸ್ಟೆಫೆನ್ ಎಂಬ ಖಗೋಲ ವಿಜ್ಞಾನಿ ೨೦೦೮ರಲ್ಲಿ ಗಣಕದ ಅನುಕರಣದಿಂದ ಇದನ್ನು ಪರೀಕ್ಷಿಸಿ, ಆ ಕ್ರಮವು ಅತಿ ಕೆಟ್ಟ ಕ್ರಮಗಳ ಸಾಲಿಗೇ ಸೇರಿದ್ದೆಂದು ತೋರಿಸಿದರು. ಕಾರಣವು ಸರಳ. ಹಿಂದಿನ ಹತ್ತು ಸಾಲಿನವರೆಲ್ಲ ಒಂದೇ ಎಡೆಯಲ್ಲಿ ಗಂಟು ಎತ್ತಿಡಲು ನಿಂತರೆ ಮಿಕ್ಕ ಓಣಿಯೆಲ್ಲ ಖಾಲಿ ಬಿದ್ದಿರುತ್ತದೆ. ಸಾಲು ಬಿಟ್ಟು ಸಾಲು, ಕಿಟಕಿಯವರು ಮೊದಲು ಎಂಬ ಕ್ರಮದಲ್ಲಿ ಏಕಕಾಲಕ್ಕೆ ಹಲವರು ಗಂಟು ಇಡಬಲ್ಲರು. ಸಾಮಾನ್ಯ ಬುದ್ಧಿಗೆ ನಿಶ್ಚಿತವೆಂದು ತೋರುವುದೂ ಎಷ್ಟೋ ಸಲ ತಪ್ಪಿರುತ್ತದೆ.

ಯಂತ್ರವನ್ನು ದೇವರೆಂದು ನಂಬಬೇಕೆಂದು ಇದರ ಅರ್ಥವಲ್ಲ. ಅಮೇರಿಕೆಯ ಡೆನ್ವರ್ ನಗರದ ನಿಲ್ದಾಣವು ೧೯೯೩ರಲ್ಲಿ ತೆರೆಯಬೇಕಾದದ್ದು, ತಾನಾಗಿ ಪೆಟ್ಟಿಗೆ ಸಾಗಿಸುವ ಯಂತ್ರಜಾಲವು ಕೈಕೊಟ್ಟು ೧೯೯೫ರ ಫೆಬ್ರುವರಿಯವರೆಗೆ ಬಾಗಿಲು ಮುಚ್ಚಿಕೊಂಡಿತ್ತು. ಇಷ್ಟು ತೊಡಕಿನ ಯಂತ್ರವು ಇಷ್ಟು ಬೇಗ ಆಗದೆಂದು ಬಲ್ಲವರು ಮುಂಚೆಯೇ ಹೇಳಿದ್ದರು, ಕೇಳುವವರಿರಲಿಲ್ಲ. ೨೦೦೫ರಲ್ಲಿ ಆ ಜಾಲವನ್ನೇ ಕೈಬಿಟ್ಟರು. ಲಂಡನ್ನಿನ ಹೀಥ್ರೋದ ಐದನೆಯ ಕಟ್ಟಡವು ೨೦೦೮ರ ಮಾರ್ಚ್ ೨೭ರಂದು ತೆರೆದಾಗ ಆದ ಗೊಂದಲದಲ್ಲಿ ನೂರಾರು ವಿಮಾನಗಳು ರದ್ದಾಗಿ, ಸಾವಿರಾರು ಪೆಟ್ಟಿಗೆಗಳು ಒಡೆಯರಿಂದ ಅಗಲಿ ಗುಡ್ಡೆಬಿದ್ದವು. ಅಲ್ಲಿ ಪರೀಕ್ಷೆಗಳೇನೂ ನಡೆಯದೆ ಇರಲಿಲ್ಲ. ಪರೀಕ್ಷೆಗೆಂದು ಹಾಕಿದ್ದ ಒಂದು ತಡೆಯನ್ನು ಗಣಕದಿಂದ ತೆಗೆಯಲು ಮರೆತಿದ್ದರು. ಅದಕ್ಕಿಂತ ಮೊದಲು, ಕೆಲಸಕ್ಕೆ ಬಂದ ಸಿಬ್ಬಂದಿಯವರಿಗೆ ತಮ್ಮ ಮೋಟಾರು ನಿಲ್ಲಿಸುವ ಸ್ಥಳವೇ ಬೇಗ ಸಿಗಲಿಲ್ಲ. ಅನುಕರಣದೊಳಗೆ ಹಾಕದೆ ಬಿಟ್ಟದ್ದನ್ನು ಅನುಕರಣವು ಹೇಗೆ ತೋರಿಸೀತು?

ನಮ್ಮ ನಾಡಿನ ಮಾತಿಗೆ ಬರೋಣ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವು ೨೦೦೮ರ ಮೇ ತಿಂಗಳಲ್ಲಿ ತೆರೆಯಿತು. ಎರಡನೆಯ ಓಡುದಾರಿಯು ೨೦೧೯ರ ಡಿಸೆಂಬರದಲ್ಲಿ, ಎರಡನೆಯ ಕಟ್ಟಡವು ೨೦೨೨ರ ನವೆಂಬರದಲ್ಲಿ ಉದ್ಘಾಟನೆಯಾದವು. ೨೦೨೪ರಲ್ಲಿ ಅಲ್ಲಿಂದ ಹೋಗಿಬಂದವರ ಸಂಖ್ಯೆಯು ನಾಲ್ಕು ಕೋಟಿಯನ್ನು ದಾಟಿತು. ಇಷ್ಟು ದಟ್ಟಣೆಯಿರುವಲ್ಲಿ ಚಳಿಗಾಲದ ಬೆಳಗಿನ ಮಂಜು ಎರಡು ತಾಸು ಕವಿದರೂ ಆ ದಿವಸದ ಸಾಲೆಲ್ಲ ಕೆಡುತ್ತದೆ, ಅದರ ಪೆಟ್ಟು ಸಾಂಬ್ರಾದವರೆಗೂ ತಟ್ಟುತ್ತದೆ. ೨೦೨೦ರ ಕೊನೆಗೆ ದಕ್ಷಿಣದ ಓಡುದಾರಿಯಲ್ಲಿ ಅಳವಡಿಸಿದ ಸಾಧನಗಳಿಂದಾಗಿ, ಮೊದಲು ೫೫೦ ಮೀಟರು ಕಾಣದೆ ಇಳಿಯಲಾಗದಿದ್ದಲ್ಲಿ ಸಜ್ಜಾದ ವಿಮಾನಗಳು ೫೦ ಮೀಟರಿನ ನೋಟದಲ್ಲಿಯೂ ಇಳಿಯುವಂತಾಯಿತು. ಆದರೂ ಮಂಜು ಯಾವಾಗ ಕವಿಯುವುದು, ಯಾವಾಗ ಹರಿಯುವುದು ಎಂಬುದು ಮೊದಲೇ ತಿಳಿದರೆ ವಿಮಾನವನ್ನು ಮುಂಬಯಿಯಲ್ಲಿಯೇ ನಿಲ್ಲಿಸಬಹುದು, ಆಕಾಶದಲ್ಲಿ ಸುತ್ತಿಸಿ ಎಣ್ಣೆ ಸುಡಬೇಕಾಗಿಲ್ಲ. ಈ ಕಾರ್ಯಕ್ಕೆ ಜಕ್ಕೂರಿನ ಜವಾಹರಲಾಲ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದವರು ನಿಲ್ದಾಣದವರೊಂದಿಗೆ ಕೂಡಿ ಓಡುದಾರಿಯ ಮಗ್ಗುಲಲ್ಲಿಯೇ ಉಷ್ಣತೆ, ತೇವ, ಮಣ್ಣಿನ ಕಾವು, ವಿಕಿರಣ ಇವನ್ನು ಅಳೆದು ಮಂಜಿನ ಅನುಕರಣವನ್ನು ಗಣಕದಲ್ಲಿ ಕಟ್ಟಿದ್ದಾರೆ.

ಇದರ ಹಿಂದೆ ಒಂದು ಭಾರತೀಯ ಪರಂಪರೆಯುಂಟು. ಅದನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು. ಗಾಳಿಯಿಲ್ಲದ ನಿರ್ಮಲ ರಾತ್ರಿಯಲ್ಲಿ ಅತಿ ತಣ್ಣಗಿರುವುದು ನೆಲವೇ ಎಂದು ಲೋಕದ ಶಾಸ್ತ್ರಜ್ಞರು ಹೇಳುತ್ತಿದ್ದಾಗ, ಹವಾಮಾನ ಇಲಾಖೆಯ ಎಲ್. ಎ. ರಾಮದಾಸರು ೧೯೩೨ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಅಳೆದು ನೋಡಿ, ನೆಲಕ್ಕಿಂತ ಒಂದು ಗೇಣು, ಎರಡು ಗೇಣು ಮೇಲಿನ ಗಾಳಿಯೇ ಹೆಚ್ಚು ತಣ್ಣಗಿರುತ್ತದೆಂದು ಸಾರಿದರು. ಅಳತೆಯಲ್ಲಿಯೇ ತಪ್ಪಿರಬೇಕೆಂದು ಪರದೇಶದ ಪಂಡಿತರು ಬಹುಕಾಲ ನಂಬಲೊಲ್ಲದಾದರು. ಬೆಂಗಳೂರಿನಲ್ಲಿ ರೊದ್ದಂ ನರಸಿಂಹರೂ ಅವರ ಸಂಗಡಿಗರೂ ೧೯೯೩ರಲ್ಲಿ ಅದಕ್ಕೆ ಸಿದ್ಧಾಂತವನ್ನು ಒದಗಿಸಿದರು. ಇದೇ ನರಸಿಂಹರ ಕಾಲದಲ್ಲಿ, ೧೯೮೬ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ನಿರ್ಮಾಣವಾಯಿತು. ಆ ಬಗೆಯ ಯಂತ್ರವು ಭಾರತದಲ್ಲಿ ಅದೇ ಮೊದಲು. ಡಿಸೆಂಬರಿನ ಮಂಜು ಬಿದ್ದರೆ ಅಥಣಿಯ ದ್ರಾಕ್ಷಿ ಬೆಳೆಗಾರನ ಎದೆ ಹೊಡೆದುಕೊಳ್ಳುತ್ತದೆ, ಏಕೆಂದರೆ ಬೂಜು ರೋಗವು ಅದರ ಬೆನ್ನಿಗೇ ಇರುತ್ತದೆ. ದೇವನಹಳ್ಳಿಯ ವಿಮಾನಕ್ಕೆ ಹೇಳುವ ಭವಿಷ್ಯವನ್ನು ನಮ್ಮ ದ್ರಾಕ್ಷಿ ತೋಟಕ್ಕೂ ಹೇಳಬಹುದೆಂಬುದನ್ನು ಕೃಷಿ ಖಾತೆಯವರು ಮನಸ್ಸಿಗೆ ತಂದುಕೊಳ್ಳಲಿ.

ಬೆಂಗಳೂರಿಗೆ ಇದೆಲ್ಲ ಸರಿ, ದಿನಕ್ಕೆ ಬೆರಳೆಣಿಕೆಯ ವಿಮಾನಗಳು ಬರುವ ಸಾಂಬ್ರಾಕ್ಕೆ ಗಣಕದ ಅನುಕರಣವೇಕೆಂದು ಕೇಳುವವರು ಇರುವರು. ಚಿಕ್ಕ ನಿಲ್ದಾಣಕ್ಕೇ ಅದರ ಅವಶ್ಯಕತೆ ಹೆಚ್ಚೆಂದು ನಮ್ಮ ಅಭಿಪ್ರಾಯ. ಬ್ರಿಟಿಷ್ ವಾಯುಪಡೆಯವರು ೧೯೪೨ರಲ್ಲಿ ಮಹಾಯುದ್ಧಕ್ಕಾಗಿ ಮಾಡಿದ ನಿಲ್ದಾಣವಿದು; ಮಗ್ಗುಲಲ್ಲಿಯೇ ಭಾರತೀಯ ವಾಯುಪಡೆಯ ತರಬೇತಿ ಶಾಲೆಯಿದೆ. ೨೦೧೭ರಲ್ಲಿ ಓಡುದಾರಿಯನ್ನು ೨,೩೦೦ ಮೀಟರಿಗೆ ಬೆಳೆಸಿ ಹೊಸ ಕಟ್ಟಡವನ್ನು ತೆರೆದರು. ಇಂಥ ನಿಲ್ದಾಣದ ವೇಳಾಪತ್ರಿಕೆಯನ್ನು ಅದು ತಾನಾಗಿ ಬರೆಯುವುದಿಲ್ಲ. ಮುಂಬಯಿ, ಬೆಂಗಳೂರು, ದಿಲ್ಲಿಗಳಲ್ಲಿ ಬಿಡುವು ಸಿಕ್ಕ ಹೊತ್ತಿಗೆ ವಿಮಾನಗಳು ಇಲ್ಲಿಗೆ ಬರುತ್ತವೆ. ಆದ್ದರಿಂದ ಮೂರು ತಾಸು ಮೌನ, ಮತ್ತೆ ಅರ್ಧ ತಾಸಿನಲ್ಲಿ ಎರಡು ವಿಮಾನ. ದಿನದ ಒಟ್ಟನ್ನು ತಾಸುಗಳಿಂದ ಭಾಗಿಸಿ ತೆಗೆದ ಸರಾಸರಿಯು ಇಲ್ಲಿ ಶುದ್ಧ ಸುಳ್ಳು.

ಉದಾಹರಣೆಗೆಂದು ನಾವೇ ಹಿಡಿದ ಅಂಕಿಗಳಿಂದ ಹೇಳುವುದಾದರೆ, ೧೮೦ ಆಸನದ್ದೊಂದು, ೭೦ ಆಸನದ್ದೊಂದು, ಹೀಗೆ ಎರಡು ವಿಮಾನಗಳು ಅರ್ಧ ತಾಸಿನ ಅಂತರದಲ್ಲಿ ಹೊರಡುತ್ತವೆ. ೨೫೦ ಜನರಲ್ಲಿ ೧೭೦ ಜನರು ನಡುವಿನ ೪೫ ನಿಮಿಷಗಳಲ್ಲಿಯೇ ಶೋಧದ ಬಾಗಿಲಿಗೆ ಬಂದರೆನ್ನೋಣ. ಒಂದು ಬಾಗಿಲು ತಾಸಿಗೆ ೧೫೦ ಜನರನ್ನು ಸಾಗಿಸಿದರೆ ಆ ಹೊತ್ತಿಗೆ ೧೧೨ ಜನರು ದಾಟಿ ೫೮ ಜನರು ಉಳಿಯುವರು. ಕೊನೆಯವನು ೨೩ ನಿಮಿಷ ನಿಲ್ಲಬೇಕು. ಇನ್ನೊಂದು ಬಾಗಿಲನ್ನು ಕಟ್ಟಿರೆಂದು ಗುತ್ತಿಗೆದಾರನು ಹೇಳುವನು. ಎರಡನೆಯ ವಿಮಾನವನ್ನು ಮುಕ್ಕಾಲು ತಾಸು ಮುಂದೆ ಹಾಕಿದರೆ ಹೇಗೆಂದು ಅನುಕರಣವು ಕೇಳುವುದು. ಒಂದಕ್ಕೆ ಹಣ ಬೇಕು, ಇನ್ನೊಂದಕ್ಕೆ ಒಂದು ಪತ್ರ ಸಾಕಾದೀತು. ಪಡಸಾಲೆಯ ಲೆಕ್ಕವೂ ಹಾಗೆಯೇ. ಜಾನ್ ಲಿಟಲ್ ಎಂಬವರು ೧೯೬೧ರಲ್ಲಿ ಸಾಧಿಸಿದ ನಿಯಮದಂತೆ, ತಾಸಿಗೆ ೨೪೦ ಜನರು ಒಳಬಂದು ತಲಾ ೪೦ ನಿಮಿಷ ಉಳಿದರೆ ಏಕಕಾಲಕ್ಕೆ ಒಳಗಿರುವವರು ೧೬೦. ವಿಮಾನಗಳು ತಡವಾಗಿ ಅವರು ೭೫ ನಿಮಿಷ ಉಳಿಯಬೇಕಾದರೆ ೩೦೦. ಹೊಸದಾಗಿ ಒಬ್ಬನೂ ಬಾರದೆಯೇ ಜನವು ಹೆಚ್ಚುಕಡಿಮೆ ಇಮ್ಮಡಿಯಾಯಿತು!

ಪರದೇಶದಲ್ಲಿ ಮಾಡಿದ ನಮೂನೆಯನ್ನು ಹಾಗೆಯೇ ತಂದು ಇಲ್ಲಿ ಹಚ್ಚುವುದೂ ಸಲ್ಲದು. ಅಲ್ಲಿ ಪ್ರಯಾಣಿಕನು ಒಬ್ಬನೇ ಬರುತ್ತಾನೆ. ನಮ್ಮಲ್ಲಿ ಬೆಂಗಳೂರಿನ ಮಾರ್ಗವಾಗಿ ದೂರದೇಶಕ್ಕೆ ಹೊರಟ ಮಗನನ್ನು ಬೀಳ್ಕೊಡಲು ಹಳ್ಳಿಯಿಂದ ಎರಡು ಕ್ರೂಸರ್ ತುಂಬ ಬಂಧುಬಳಗವು ಬುತ್ತಿ ಕಟ್ಟಿಕೊಂಡು ಬರುತ್ತದೆ. ಅವರಿಗೆ ನೆರಳಿಲ್ಲದ ನಿಲ್ದಾಣವನ್ನು ಯಾವ ಗಣಕವು ಮೆಚ್ಚಿದರೂ ನಾವು ಮೆಚ್ಚುವುದಿಲ್ಲ. ಫಲಕಗಳು ಕನ್ನಡದಲ್ಲಿರಬೇಕೆಂಬುದು ನಮ್ಮ ಅಭಿಮಾನದ ಮಾತು ಮಾತ್ರವಲ್ಲ; ಓದಲಾರದ ಫಲಕದ ಮುಂದೆ ಒಬ್ಬನು ಅರ್ಧ ನಿಮಿಷ ನಿಂತರೆ ಅವನ ಹಿಂದಿನವರೆಲ್ಲ ಅರ್ಧ ನಿಮಿಷ ನಿಲ್ಲುತ್ತಾರೆ. ಇದನ್ನೂ ಅಳೆದು ಲೆಕ್ಕಕ್ಕೆ ಹಿಡಿಯಬಹುದು.

ಆದ್ದರಿಂದ ನಮ್ಮ ಬೇಡಿಕೆಯು ಇಷ್ಟೇ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ನಿಲ್ದಾಣಗಳಿಗೆ ಯಾವ ಅಂಕಿಗಳನ್ನು ಹಿಡಿದು, ಯಾವ ಅನುಕರಣವನ್ನು ನಡೆಸಿ ಅಳತೆಗಳನ್ನು ನಿಶ್ಚಯಿಸಿದ್ದಾರೆಂಬುದನ್ನು ವಿಮಾನ ನಿಲ್ದಾಣಗಳ ಪ್ರಾಧಿಕಾರವೂ ರಾಜ್ಯ ಸರಕಾರವೂ ಸಾರ್ವಜನಿಕರ ಮುಂದಿಡಬೇಕು. ಗರಿಷ್ಠ ತಾಸಿಗೆ ಇಷ್ಟು ಪ್ರಯಾಣಿಕರೆಂಬ ಒಂದು ಅಂಕಿಯನ್ನು ಶಿಲಾಫಲಕದ ಮೇಲೆ ಕೆತ್ತಿಸಿದರೆ ಸಾಲದು. ಆ ತಾಸಿನಲ್ಲಿ ಒಂದು ಶೋಧಯಂತ್ರವು ಕೆಟ್ಟರೆ ಏನಾಗುವುದು, ಬೆಂಗಳೂರಿನಲ್ಲಿ ಮಂಜು ಕವಿದ ದಿವಸ ಏನಾಗುವುದು ಎಂಬುದನ್ನೂ ಹೇಳಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪೀಠವು ೧೯೯೮ರಿಂದ ಬೆಳಗಾವಿಯಲ್ಲಿಯೇ ಇದೆ. ಈ ಬಗೆಯ ಅನುಕರಣವನ್ನು ಬರೆಯುವ ಸಾಧನಗಳು ಇಂದು ಬೆಲೆಯಿಲ್ಲದೆಯೇ ದೊರೆಯುತ್ತವೆ. ದುರ್ಲಭವಾದದ್ದು ಅಳತೆ. ಕೈಯಲ್ಲಿ ಗಡಿಯಾರ ಹಿಡಿದು ಎರಡು ವಾರ ಬಾಗಿಲಲ್ಲಿ ನಿಂತು, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ದಾಟಿದರು ಎಂದು ಬರೆದುಕೊಳ್ಳಲು ಇಪ್ಪತ್ತು ವಿದ್ಯಾರ್ಥಿಗಳಿಗೆ ಅಪ್ಪಣೆ ಕೊಟ್ಟರೆ ಸರಕಾರದ ಬೊಕ್ಕಸಕ್ಕೆ ಏನೂ ಹಾನಿಯಿಲ್ಲ. ಭದ್ರತೆಯ ನೆವದಿಂದ ಅಪ್ಪಣೆಯು ದೊರೆಯದಿದ್ದರೆ, ನವೆಂಬರದಲ್ಲಿ ಹಂಗಾಮು ಸುರುವಾದಾಗ ಅವರು ಅಥಣಿ, ಉಗಾರ, ಕಾಗವಾಡಗಳ ಕಡೆಗೆ ಬರಲಿ. ಕಾಟಾದ ಮುಂದಿನ ಪಾಳಿಯನ್ನು ಎಣಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಗಾಡಿಕಾರರು ರಾತ್ರಿಯೆಲ್ಲ ಎಚ್ಚರವಾಗಿಯೇ ಇರುತ್ತಾರೆ.